ತೆಂಗ್‌ವಾ ರಸ್ತೆಯ ಲೆವೆಲ್ ಬುಕ್

ಮೈಸೂರು
3 ಏಪ್ರಿಲ್ 2025

ವಿಷಯ: ನನ್ನ ತಂದೆ ದಿವಂಗತ ಅಶ್ವತ್ಥನಾರಾಯಣ ಅವರ ಲೆವೆಲ್ ಬುಕ್ ಪತ್ತೆಯಾಗಿರುವ ಬಗ್ಗೆ.
ಉಲ್ಲೇಖ: ನೀನು ವಾಟ್ಸಾಪಿನಲ್ಲಿ ಕಳಿಸಿದ ಫೋಟೊ, ದಿನಾಂಕ 30.3.2025.

ಚಿ. ಸೌ. ಕೋಕಿಲಾಳಿಗೆ ದೊಡ್ಡಪ್ಪನ ಆಶೀರ್ವಾದ.

ನಗಬೇಡ. ಮೂವತ್ತೆಂಟು ವರ್ಷ ಲೋಕೋಪಯೋಗಿ ಇಲಾಖೆಯಲ್ಲಿ ಕಾಗದ ಬರೆದ ಕೈ ಇದು. ವಿಷಯ, ಉಲ್ಲೇಖ ಹಾಕದಿದ್ದರೆ ಪೆನ್ನು ಮುಂದಕ್ಕೆ ಓಡುವುದಿಲ್ಲ.

ಫೋಟೊ ನೋಡಿದೆ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ನೆಲದ ಏರುತಗ್ಗಿನ ಲೆವೆಲ್ಲನ್ನು ಕನ್ನಡ ಅಂಕಿಯಲ್ಲಿ ಬರೆಯುವ ಸರ್ವೇಯರು ನನ್ನ ತಂದೆಯೊಬ್ಬರೇ. ಆ ನಾಲ್ಕರ ಬಾಲ ಅವರದೇ, ಬೇರೆ ಯಾರದೂ ಆಗಲಾರದು. ಆ ಪುಸ್ತಕ ಜಪಾನಿನ ಯಾರದೋ ಮನೆಗೆ ಹೇಗೆ ಹೋಯಿತು ಎಂಬುದು ಈಗ ಮುಖ್ಯವಲ್ಲ. ಯುದ್ಧದಲ್ಲಿ ಎಷ್ಟೋ ಸಾಮಾನು ಕೈ ಬದಲಾಗುತ್ತದೆ.

ಮುಖ್ಯವಾದದ್ದು ನಿನಗೆ ಗೊತ್ತೇ ಇದೆ. 1944ರಲ್ಲಿ ಬರ್ಮಾದ ತೆಂಗ್‌ವಾ ಪಟ್ಟಣವನ್ನು ಜಪಾನಿನವರು ಮುತ್ತಿದಾಗ ಒಳಗಿದ್ದ ನಮ್ಮ ಸೈನಿಕರಿಗೆ ಅಕ್ಕಿ, ಔಷಧಿ ಹೋಗಿದ್ದು ಬೆಟ್ಟದ ಮೇಲೆ ಕಡಿದ ಒಂದು ರಸ್ತೆಯಿಂದ. ಪುಸ್ತಕಗಳಲ್ಲೆಲ್ಲ ಅದು ಕ್ಯಾಪ್ಟನ್ ಹೋಲ್ಡನ್‌ನ ರಸ್ತೆ. ಲೆವೆಲ್ ತೆಗೆದು ದಾರಿ ತೋರಿಸಿದ್ದು ಅವನ ಕೈಕೆಳಗಿನ ಹವಾಲ್ದಾರ, ನಿನ್ನ ತಾತ. ಮೂವತ್ತೊಂದು ವರ್ಷದಿಂದ ನಾನು ಬರೆಯದ ಕಚೇರಿಯಿಲ್ಲ. ಇಂಗ್ಲೆಂಡಿನಲ್ಲಿರುವ ಹೋಲ್ಡನ್‌ನ ಮೊಮ್ಮಗನಿಗೂ ಬರೆದೆ. 'ನಿಮ್ಮ ತಂದೆಯ ಹೆಸರು ನಮ್ಮ ತಾತನ ಕಾಗದಗಳಲ್ಲಿ ಎಲ್ಲೂ ಇಲ್ಲ, ಕ್ಷಮಿಸಿ' ಎಂದು ಬಹಳ ಮರ್ಯಾದೆಯಿಂದ ಉತ್ತರ ಕೊಟ್ಟ. ಮರ್ಯಾದೆಯಿಂದ ಇಲ್ಲ ಅನ್ನುವವರ ಜೊತೆ ಜಗಳವಾಡುವುದು ಬಹಳ ಕಷ್ಟ.

ಪುಸ್ತಕ ಇರುವ ಆ ತ್ಸುಕುಬಾ ಊರಿಗೆ ನೀನು ಹೋಗು. ನಕಲು ಬೇಡ, ಮೂಲ ಪುಸ್ತಕವನ್ನೇ ತಾ. ಬೇರೆ ಯಾರಿಗೂ ಓದಿ ಹೇಳಬೇಡ. ತಾರೀಖುಗಳ ಗೊಡವೆ ನಿನಗೆ ಬೇಡ, ಅದನ್ನು ನಾನು ನೋಡಿಕೊಳ್ಳುತ್ತೇನೆ. ಫೋನಿನಲ್ಲಿ ಈ ಮಾತು ಎತ್ತಬೇಡ, ನಿನ್ನ ದೊಡ್ಡಮ್ಮ ಸ್ಪೀಕರ್ ಹಾಕಿಕೊಂಡು ಕೇಳುತ್ತಾಳೆ. ಕಾಗದ ಬರೆ. ಕಾಗದವಾದರೆ ಫೈಲಿಗೆ ಸೇರುತ್ತದೆ.

ಇಂತಿ,
ಅನಂತಮೂರ್ತಿ


ಕೋಟೋ, ಟೋಕಿಯೊ
22 ಏಪ್ರಿಲ್ 2025

ತೀರ್ಥರೂಪ ಸಮಾನರಾದ ದೊಡ್ಡಪ್ಪನಿಗೆ ಕೋಕಿಲಾಳ ನಮಸ್ಕಾರ.

ಕೈಯಲ್ಲಿ ಕನ್ನಡ ಬರೆದು ಎಷ್ಟು ವರ್ಷವಾಯಿತೋ. ಒತ್ತಕ್ಷರಗಳು ಹದಕ್ಕೆ ಬರುವ ಹೊತ್ತಿಗೆ ಎರಡು ಹಾಳೆ ಹಾಳಾದವು. ನಿಧಿ ಪಕ್ಕದಲ್ಲಿ ನಿಂತು ನೋಡಿ, ಜಪಾನಿಯಲ್ಲಿ, 'ಅಮ್ಮಾ, ಇದೇನು ಹೋಮ್‌ವರ್ಕಾ?' ಎಂದು ಕೇಳಿದಳು.

ಹೋದ ಶನಿವಾರ ತ್ಸುಕುಬಾಕ್ಕೆ ಹೋಗಿದ್ದೆ. ಅಲ್ಲಿ ಸಂಶೋಧನೆ ಮಾಡುವ ಶ್ರೀಹರ್ಷ ಜೊತೆಗೆ ಬಂದಿದ್ದ. ಆ ಪುಟದ ಫೋಟೊವನ್ನು ನಮ್ಮ ಕನ್ನಡ ಗುಂಪಿಗೆ ಹಾಕಿ 'ಇದು ಯಾವ ಕಾಲದ ಬರಹ?' ಎಂದು ಕೇಳಿದ್ದವನು ಅವನೇ. ಪುಸ್ತಕ ಇರುವುದು ಮೊರಿವಾಕಿ ಸಾನ್ ಅವರ ಮನೆಯಲ್ಲಿ. ಎಂಬತ್ನಾಲ್ಕು ವರ್ಷ, ಮಣ್ಣಿನ ವಿಜ್ಞಾನಿಯಾಗಿದ್ದು ನಿವೃತ್ತರಾದವರು, ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತಾರೆ. ಈಗಲೂ ಸೈಕಲ್ಲಿನಲ್ಲಿ ತರಕಾರಿ ತರುತ್ತಾರೆ. ಅವರ ತಂದೆ ಯುದ್ಧದಲ್ಲಿ ಎಂಜಿನಿಯರ್ ದಳದ ಲೆಫ್ಟಿನೆಂಟ್ ಆಗಿದ್ದರಂತೆ.

ನಾವು ಕೂರುವ ಮೊದಲೇ ಅವರು ನೆಲಕ್ಕೆ ಹಣೆ ತಾಗುವಷ್ಟು ಬಗ್ಗಿ 'ಸುಮಿಮಾಸೆನ್', ಕ್ಷಮಿಸಿ, ಎಂದು ಮೂರು ಸಲ ಹೇಳಿದರು. ಟೀ ಇನ್ನೂ ಸಿದ್ಧವಾಗಿಲ್ಲದ್ದಕ್ಕೆ ಇರಬೇಕು ಅಂದುಕೊಂಡು ನಾನೂ ಬಗ್ಗಿದೆ. ಆಮೇಲೆ ಬಟ್ಟೆಯಲ್ಲಿ ಸುತ್ತಿದ ಪುಸ್ತಕವನ್ನು ತಟ್ಟೆಯಲ್ಲಿಟ್ಟು ತಂದರು. ಮೊದಲ ಪುಟದಲ್ಲಿ 'ಅಶ್ವತ್ಥನಾರಾಯಣ, ಮೈಸೂರು' ಎಂದಿದೆ. ತಾತನನ್ನು ನಾನು ನೋಡಿಲ್ಲ. ಆದರೂ ಆ ಹೆಸರಿನ ಕೆಳಗೆ ಬೆರಳಿಟ್ಟು ಎರಡು ಸಲ ಓದಿದೆ.

ಮೊದಲ ಹತ್ತು ಪುಟ ನೋಡಿದೆ. ನೀವು ಹೇಳಿದ ಹಾಗೆ ತಾರೀಖು ನೋಡಲಿಲ್ಲ. ಅವರು ಮೂಲ ಪುಸ್ತಕ ಕೊಡುವಂತೆ ಕಾಣುವುದಿಲ್ಲ. ಇನ್ನೊಮ್ಮೆ ಬಾ ಅಂದಿದ್ದಾರೆ. ಸ್ವಲ್ಪ ಸಮಯ ಕೊಡಿ.

ನಾವು ಚೆನ್ನಾಗಿದ್ದೇವೆ. ಮೂವತ್ತೊಂದನೇ ಮಹಡಿ, ಎದುರಿಗೆ ಸಮುದ್ರ, ನೋಡಲು ಬಹಳ ಚಂದ. ಕಿಟಕಿ ಮಾತ್ರ ಒಂದು ಗೇಣಿಗಿಂತ ಹೆಚ್ಚು ತೆರೆಯುವುದಿಲ್ಲ. ನಿಮ್ಮ ಅಳಿಯ ಗಿರಿಧರ್ ಬೆಳಿಗ್ಗೆ ಏಳಕ್ಕೆ ಆಫೀಸಿಗೆ ಹೋದರೆ ಮನೆ ಪೂರ್ತಿ ನನ್ನದು. ಕೆಲಸ ಸಿಕ್ಕಿತಾ ಎಂದು ದೊಡ್ಡಮ್ಮ ಕೇಳಿದ್ದರು. ಅವಲಂಬಿತರ ವೀಸಾದಲ್ಲಿ ವಾರಕ್ಕೆ ಇಪ್ಪತ್ತೆಂಟು ಗಂಟೆ ಮಾತ್ರ, ಅದಕ್ಕೂ ಅನುಮತಿ ಬೇಕು. ಕೊಂಬಿನಿ ಅನ್ನುವ ಇಲ್ಲಿಯ ಬೀದಿ ಅಂಗಡಿಗಳಲ್ಲಿ ಬಿಲ್ ಹಾಕಲು ಕರೆಯುತ್ತಾರೆ, ಸಿವಿಲ್ ಎಂಜಿನಿಯರ್ ಕೆಲಸಕ್ಕೆ ಯಾರೂ ಕರೆಯುವುದಿಲ್ಲ. ಅಭ್ಯಾಸವಾಗಿದೆ ಎಂದು ಹೇಳಿ.

ನಿಮ್ಮ
ಕೋಕಿಲಾ


ಮೈಸೂರು
7 ಮೇ 2025

ವಿಷಯ: ಮೂಲ ಪುಸ್ತಕವನ್ನು ಕೊಡದೆ ಸತಾಯಿಸುತ್ತಿರುವ ಬಗ್ಗೆ.
ಉಲ್ಲೇಖ: ನಿನ್ನ ಕಾಗದ, 22.4.2025.

ಚಿ. ಸೌ. ಕೋಕಿಲಾಳಿಗೆ ಆಶೀರ್ವಾದ.

ನನಗೆ ಅರ್ಥವಾಯಿತು. ಮುದುಕ ಆಟ ಆಡುತ್ತಿದ್ದಾನೆ. ಅವನ ಅಪ್ಪನೂ ರಸ್ತೆ ಹಾಕುವವನೇ ತಾನೆ? ಶತ್ರುವಿನ ಪುಸ್ತಕ ಕದ್ದು ತಂದು ಯಾವುದೋ ಸಾಧನೆ ಅಂತ ಗಾಜಿನ ಬೀರುವಿನಲ್ಲಿ ಇಟ್ಟಿರಬೇಕು. ಹೋಲ್ಡನ್ ಒಬ್ಬ ಸಾಲದೆಂದು ಈಗ ಇವನೊಬ್ಬ. ಮೂರು ಸಲ ಬಗ್ಗಿದನಂತೆ! ನನ್ನ ಸರ್ವಿಸಿನಲ್ಲಿ ಅತಿಯಾಗಿ ಬಗ್ಗಿದ ಯಾವ ಕಂಟ್ರಾಕ್ಟರನೂ ಸಿಮೆಂಟು ಸರಿಯಾಗಿ ಹಾಕಿದ್ದನ್ನು ನಾನು ಕಂಡಿಲ್ಲ.

ಇಲ್ಲಿಯ ಸುದ್ದಿ ಕೇಳು. ನಮ್ಮ ಬಡಾವಣೆ ಸಂಘದ ಅಧ್ಯಕ್ಷ ಶಿವಕುಮಾರ ಕೊನೆಗೂ ಒಪ್ಪಿದ. ಪಾರ್ಕಿನ ಬಾಗಿಲಲ್ಲಿ ಕಲ್ಲು ನಿಲ್ಲಿಸುವುದು. ಆಗಸ್ಟ್ 15ರಂದು ಧ್ವಜಾರೋಹಣ ಆದಮೇಲೆ ಅನಾವರಣ. ಹನ್ನೊಂದು ವರ್ಷ ಅವನ ಹಿಂದೆ ಓಡಾಡಿದ್ದೇನೆ. ಕಲ್ಲಿನ ಒಕ್ಕಣೆ ನಾನೇ ಬರೆದುಕೊಟ್ಟೆ: 'ಮುತ್ತಿಗೆಗೆ ಸಿಕ್ಕಿದ್ದ ತೆಂಗ್‌ವಾ ಪಟ್ಟಣದ ಪ್ರಾಣ ಉಳಿಸಿದ ರಸ್ತೆಯ ನಿಜವಾದ ನಿರ್ಮಾತೃ, ಹವಾಲ್ದಾರ್ ಅಶ್ವತ್ಥನಾರಾಯಣ.' 'ನಿಜವಾದ' ಅನ್ನುವ ಪದ ಬೇಕೇ ಎಂದು ಶಿವಕುಮಾರ ಕೇಳಿದ. ಅದೇ ಬೇಕು, ಉಳಿದದ್ದು ಬೇಕಾದರೆ ತೆಗಿ ಅಂದೆ.

ಹೋದ ವರ್ಷ ಎದೆಗೆ ಸ್ಟೆಂಟ್ ಹಾಕಿಸಿಕೊಂಡಾಗ ನಾನು ಹೆದರಿದ್ದು ಸಾವಿಗಲ್ಲ. ಈ ಕೆಲಸ ಅರ್ಧಕ್ಕೆ ನಿಂತುಬಿಡುತ್ತದಲ್ಲ ಎಂದು. ನೀನು ಎಂಜಿನಿಯರ್, ನನ್ನ ತಮ್ಮ ಜಯಪ್ರಕಾಶನ ಮಗಳು. ಪುಸ್ತಕ ತರಿಸಿಕೊಡುವುದು ನಿನ್ನ ಜವಾಬ್ದಾರಿ.

ಅನಂತಮೂರ್ತಿ


ಕೋಟೋ, ಟೋಕಿಯೊ
26 ಮೇ 2025

ದೊಡ್ಡಪ್ಪನಿಗೆ ನಮಸ್ಕಾರಗಳು.

ಮತ್ತೆ ಎರಡು ಸಲ ಹೋಗಿಬಂದೆ. ಮೊರಿವಾಕಿ ಸಾನ್ ಅಂಥವರಲ್ಲ, ದೊಡ್ಡಪ್ಪ. ಪುಸ್ತಕದ ಪ್ರತಿ ಪುಟದ ಫೋಟೊ ತೆಗೆಯಲು ಬಿಟ್ಟರು.

ಒಂದು ವಿಷಯ ಬರೆಯದೇ ಇರಲಾರೆ. ರಸ್ತೆಯ ಉದ್ದಕ್ಕೂ, ಸುಮಾರು ಅರ್ಧ ಮೈಲಿಗೊಂದರಂತೆ, ತಾತ ಪುಟದ ಅಂಚಿನಲ್ಲಿ ಒಂದು ಪುಟ್ಟ ಚಿತ್ರ ಬರೆದಿದ್ದಾರೆ. ನಿಲ್ಲಿಸಿದ ಎರಡು ಕಲ್ಲು, ಅವುಗಳ ಮೇಲೆ ಅಡ್ಡ ಹಾಸಿದ ಒಂದು ಕಲ್ಲು. ಪಕ್ಕದಲ್ಲಿ 'ಭುಜದ ಎತ್ತರ' ಎಂದು ಬರೆದಿದೆ. ನನಗೆ ತಟ್ಟನೆ ಹೊಳೆಯಿತು. ನಾನು ಚಿಕ್ಕವಳಿದ್ದಾಗ ನಂಜನಗೂಡಿಗೆ ಹೋಗುವ ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ ತೋರಿಸಿದ್ದಿರಲ್ಲ, ಹೊರೆಗಲ್ಲು. ತಲೆಹೊರೆ ಹೊತ್ತವರು ಯಾರ ಸಹಾಯವೂ ಇಲ್ಲದೆ ಹೊರೆ ಇಳಿಸಿ, ಸುಧಾರಿಸಿಕೊಂಡು, ಮತ್ತೆ ತಾವೇ ಹೊತ್ತುಕೊಳ್ಳಲು ಆಗುವಂಥ ಕಲ್ಲು. 'ಇದು ಎಸ್ಟಿಮೇಟಿನಲ್ಲಿ ಬರುವ ಐಟಮ್ಮಲ್ಲ, ಮನಸ್ಸಿನಲ್ಲಿ ಬರುವ ಐಟಮ್ಮು' ಎಂದು ನೀವು ಹೇಳಿದ್ದಿರಿ.

ಮೊರಿವಾಕಿ ಸಾನ್ ಅವರಿಗೆ ಅದನ್ನು ಹೇಗೆ ಬಳಸುತ್ತಾರೆಂದು ಗೊತ್ತಿರಲಿಲ್ಲ. ಆ ರಸ್ತೆಯಲ್ಲಿ ನಡೆದವರು ಮುಂದೆ ಬರೆದ ನೆನಪುಗಳಲ್ಲಿ ಈ ಕಲ್ಲುಗಳ ಮಾತು ಮತ್ತೆ ಮತ್ತೆ ಬರುತ್ತದಂತೆ. ಅವು ಇಲ್ಲದಿದ್ದರೆ ದಾರಿಯಲ್ಲೇ ಬಿದ್ದು ಸಾಯುತ್ತಿದ್ದೆವು ಎಂದು ಒಬ್ಬರು ಬರೆದಿದ್ದಾರಂತೆ. ನಾನು ಎದ್ದು ನಿಂತು, ಅವರ ಮನೆಯ ಅಕ್ಕಿಚೀಲವನ್ನೇ ತಲೆಯ ಮೇಲಿಟ್ಟುಕೊಂಡು, ಕಪಾಟಿನ ಅಂಚಿಗೆ ಇಳಿಸಿ ತೋರಿಸಿದೆ. ಅವರು ಆ ಚಿತ್ರದ ಪುಟ ತೆಗೆದು ಮತ್ತೆ ನೋಡಿದರು.

ಉಳಿದದ್ದನ್ನು ಮುಂದೆ ಬರೆಯುತ್ತೇನೆ. ಕಲ್ಲಿನ ಒಕ್ಕಣೆ ಕೆತ್ತಿಸಲು ಅವಸರ ಮಾಡಬೇಡಿ. ಆಗಸ್ಟ್ ಇನ್ನೂ ದೂರವಿದೆಯಲ್ಲ.

ಕೋಕಿಲಾ


ಮೈಸೂರು
9 ಜೂನ್ 2025

ವಿಷಯ: ಹೊರೆಗಲ್ಲು.
ಉಲ್ಲೇಖ: ನಿನ್ನ ಕಾಗದ, 26.5.2025.

ಚಿ. ಸೌ. ಕೋಕಿಲಾ,

ನಿನ್ನ ಕಾಗದವನ್ನು ವಾಕಿಂಗಿಗೆ ಬರುವವರಿಗೆಲ್ಲ ಓದಿ ಹೇಳಿದೆ. ರಾಘವ್ ಮೇಷ್ಟ್ರು ಕಣ್ಣು ಒರೆಸಿಕೊಂಡರು. ನಮ್ಮ ಸೈನಿಕರಿಗೆ ಅನ್ನ ಹೊತ್ತವರ ಕುತ್ತಿಗೆಯ ನೋವನ್ನೂ ನೆನೆದ ಮನುಷ್ಯ! ಹೋಲ್ಡನ್‌ಗೆ ಹೊರೆಗಲ್ಲು ಅಂದರೆ ಏನು ಗೊತ್ತು? ಇದಕ್ಕಿಂತ ಸಾಕ್ಷಿ ಬೇಕೇ?

ಒಕ್ಕಣೆ ಕೆತ್ತಿಸಿ ಆಯಿತು. ಆಹ್ವಾನಪತ್ರಿಕೆ ಅಚ್ಚಾಗಿದೆ, ಒಂದು ಇದರಲ್ಲಿ ಇಟ್ಟಿದ್ದೇನೆ. 'ಈ ಪುಸ್ತಕ ತೆಂಗ್‌ವಾ ರಸ್ತೆಯದೇ' ಎಂದು ನಿನ್ನ ಮೊರಿವಾಕಿಯಿಂದ ಒಂದು ಸಾಲು ಬರೆಸಿ ಕಳಿಸು. ತಾರೀಖು ಹಾಕುವುದು ಬೇಡ.

ಅನಂತಮೂರ್ತಿ


ಕೋಟೋ, ಟೋಕಿಯೊ
27 ಜೂನ್ 2025

ದೊಡ್ಡಪ್ಪ,

ಈ ಕಾಗದವನ್ನು ಕೂತುಕೊಂಡು ಓದಿ. ದೊಡ್ಡಮ್ಮನನ್ನು ಹತ್ತಿರ ಕೂರಿಸಿಕೊಳ್ಳಿ.

ತಾರೀಖು ನೋಡಲಿಲ್ಲ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಮೊದಲ ದಿನವೇ ನೋಡಿದೆ. ಪುಸ್ತಕ ಶುರುವಾಗುವುದು 1945ರ ಫೆಬ್ರುವರಿ 9ಕ್ಕೆ, ಮುಗಿಯುವುದು ಮಾರ್ಚ್ 2ಕ್ಕೆ. ಹೋಲ್ಡನ್‌ನ ರಸ್ತೆ ಮುಗಿದು ಅಷ್ಟು ಹೊತ್ತಿಗೆ ಎಂಟು ತಿಂಗಳಾಗಿತ್ತು.

ತೆಂಗ್‌ವಾ ಎರಡು ಸಲ ಮುತ್ತಿಗೆಗೆ ಸಿಕ್ಕಿತ್ತು ಎಂದು ನನಗೂ ಗೊತ್ತಿರಲಿಲ್ಲ. ಮೊದಲ ಸಲ ಒಳಗೆ ನಮ್ಮವರು, ಹೊರಗೆ ಜಪಾನಿನವರು. ಮಾರನೇ ವರ್ಷ ಅದು ತಿರುಗಿತು. ಒಳಗೆ ಜಪಾನಿನವರು ಸಿಕ್ಕಿಕೊಂಡರು, ಸುತ್ತ ನಮ್ಮ ಸೈನ್ಯ. ಆ ಎರಡನೇ ಮುತ್ತಿಗೆಯಲ್ಲಿ ಜಪಾನಿನವರಿಗೆ ಅಕ್ಕಿ ಸಾಗಿಸಲು ಪೂರ್ವದ ಬೆಟ್ಟದಿಂದ ಒಂದು ರಸ್ತೆ ಆಯಿತು. ತಾತ ಲೆವೆಲ್ ತೆಗೆದದ್ದು ಆ ರಸ್ತೆಗೆ. ನೀವು ನಮಗೆಲ್ಲ ಹೇಳುತ್ತಿದ್ದ ಹಾಗೆ ಆಗ ಅವರು ಆಸ್ಪತ್ರೆಯಲ್ಲಿರಲಿಲ್ಲ ದೊಡ್ಡಪ್ಪ, ಜಪಾನಿನವರ ಸೆರೆಯಲ್ಲಿದ್ದರು. ಇಬ್ಬನಿ ಕಟ್ಟಿದ ಹಾಗೆ ಪೆನ್ಸಿಲ್ ಗೆರೆ ಮಸುಕಾಗಿದೆ, ಆದರೆ ಪ್ರತಿ ಪುಟದಲ್ಲೂ ಕೈದಿಯ ನಂಬರ್ ಇದೆ.

ಮೊರಿವಾಕಿ ಸಾನ್ ಮೂರು ಸಲ ಕ್ಷಮೆ ಕೇಳಿದ್ದು ಟೀಗಲ್ಲ. ಆ ರಸ್ತೆ ಹಾಕಿದವರೆಂಬ ಹೆಸರು ಎಂಬತ್ತು ವರ್ಷದಿಂದ ಅವರ ತಂದೆಗೆ ಸಂದಿದೆ. ಹೊರೆಗಲ್ಲಿನ ಹೆಸರೂ ಅವರಿಗೇ. 'ನನ್ನ ತಂದೆ ಜ್ವರದಲ್ಲಿ ಮಲಗಿದ್ದರು. ರಸ್ತೆ ಹಾಕಿದ್ದು ನಿಮ್ಮ ತಾತ. ಸಾಯುವ ಮೊದಲು ಇದನ್ನು ಸರಿಮಾಡಬೇಕು' ಎಂದು ಹೇಳುತ್ತಾರೆ. ಆ ಯುದ್ಧದಲ್ಲಿದ್ದವರ ಮಕ್ಕಳೆಲ್ಲ ಸೇರಿ ವರ್ಷಕ್ಕೊಂದು ಪುಸ್ತಿಕೆ ತರುತ್ತಾರೆ. ಅದರಲ್ಲಿ ತಾತನ ಹೆಸರು, ಊರು ಎಲ್ಲ ಅಚ್ಚು ಹಾಕಬೇಕೆಂದು ಅವರ ಆಸೆ. ಆದರೆ ಮನೆಯವರು ಒಪ್ಪದೆ ಹಾಕುವುದಿಲ್ಲವಂತೆ. ಅದಕ್ಕಾಗಿ ಇಲ್ಲಿಯ ಪದ್ಧತಿಯಂತೆ ಜೋಡಿ ಪೋಸ್ಟ್‌ಕಾರ್ಡ್ ಕೊಟ್ಟಿದ್ದಾರೆ. ಒಂದು ಅರ್ಧ ನಿಮಗೆ, ಇನ್ನೊಂದು ಅರ್ಧ ನಿಮ್ಮ ಉತ್ತರಕ್ಕೆ. 'ಹೆಸರು ಹಾಕಬಹುದು', 'ಹೆಸರು ಬೇಡ', ಎರಡರಲ್ಲಿ ಒಂದನ್ನು ಹೊಡೆದುಹಾಕಿ ಸಹಿ ಮಾಡಬೇಕು. ಸೆಪ್ಟೆಂಬರ್ 10ರೊಳಗೆ ಸೇರಬೇಕು. ಕನ್ನಡದಲ್ಲಿ ನಾನು ಪಕ್ಕದಲ್ಲಿ ಬರೆದಿದ್ದೇನೆ.

ಎರಡು ತಿಂಗಳು ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಒದ್ದಾಡಿದೆ. ನಿಮ್ಮ ಎದೆಗೆ ಏನಾದರೂ ಆದರೆ ಎಂಬ ಭಯ. ಅಲ್ಲಿ ನೀವು ಕಾಯುತ್ತೀರಿ, ಇಲ್ಲಿ ಅವರು ಕಾಯುತ್ತಾರೆ, ಇಬ್ಬರೂ ತಮ್ಮ ತಂದೆಗೋಸ್ಕರ. ನಡುವೆ ನಾನು ಈ ಗಾಜಿನ ಹಿಂದೆ ಕೂತು ದಿನ ಎಣಿಸುತ್ತಿದ್ದೆ. ನನ್ನ ಮೇಲೆ ಸಿಟ್ಟು ಮಾಡಿ, ಪರವಾಗಿಲ್ಲ. ಆದರೆ ಆ ಕಲ್ಲನ್ನು ನಿಲ್ಲಿಸಬೇಡಿ.

ಕೋಕಿಲಾ


ಮೈಸೂರು
24 ಜುಲೈ 2025

ವಿಷಯ: ಲೆವೆಲ್ ಬುಕ್ ತಪಾಸಣೆ.
ಉಲ್ಲೇಖ: ನಿನ್ನ ಕಾಗದ, 27.6.2025.

ಶ್ರೀಮತಿ ಕೋಕಿಲಾ ಗಿರಿಧರ್ ಅವರಿಗೆ,

ನಿನ್ನ ಫೋನುಗಳನ್ನು ನಾನು ಎತ್ತಲಿಲ್ಲ. ಎತ್ತಿ ಹೇಳುವುದೇನೂ ಇರಲಿಲ್ಲ.

ಒಂದು ಕೆಲಸ ಮಾಡು. ಪುಸ್ತಕದ ಪೂರ್ತಿ ಲೆಕ್ಕವನ್ನು ನೀನೇ ಕೂತು ತಾಳೆ ನೋಡು. ಹಿಂದಕ್ಕೆ ನೋಡಿ ಬರೆದ ಬ್ಯಾಕ್‌ಸೈಟುಗಳ ಮೊತ್ತದಿಂದ ಮುಂದಕ್ಕೆ ನೋಡಿ ಬರೆದ ಫೋರ್‌ಸೈಟುಗಳ ಮೊತ್ತ ಕಳೆ. ಅದು ಕೊನೆಯ ಎತ್ತರಕ್ಕೂ ಮೊದಲ ಎತ್ತರಕ್ಕೂ ಇರುವ ವ್ಯತ್ಯಾಸಕ್ಕೆ ಸಮವಾಗಬಾರದು. ಎಲ್ಲೋ ಒಂದು ಕಡೆ ತಪ್ಪು ಇದ್ದೇ ಇರುತ್ತದೆ. ಬೇಕೆಂದೇ ಮಾಡಿದ ತಪ್ಪು. ಶತ್ರುವಿನ ಕೈಗೆ ಸಿಕ್ಕಿದ ಸರ್ವೇಯರು ರಸ್ತೆಯನ್ನು ಒಳಗಿಂದ ಕೊಲ್ಲಬಲ್ಲ. ಒಂದು ತಿರುವಿನಲ್ಲಿ ಅರ್ಧ ಅಡಿ ಏರುಪೇರು ಮಾಡಿದರೆ ಸಾಕು, ಮೊದಲ ಮಳೆಗೆ ಆ ರಸ್ತೆ ಕಣಿವೆಗೆ ಜಾರುತ್ತದೆ. ನನ್ನ ತಂದೆ ಅಂಥ ಕೆಲಸ ಮಾಡಬಲ್ಲ ಬುದ್ಧಿವಂತರು. ಮಾಡದೆ ಬಿಟ್ಟಿರಲಾರರು.

ಆ ತಪ್ಪನ್ನು ಹುಡುಕಿ ಕೊಡು. ಆಗ ಕಲ್ಲೂ ನಿಲ್ಲುತ್ತದೆ, ಅವರ ಹೆಸರೂ ಉಳಿಯುತ್ತದೆ. 'ನಿರ್ಮಾತೃ' ಎಂದಿರುವ ಜಾಗದಲ್ಲಿ ಬೇರೆ ಪದ ಕೆತ್ತಿಸುತ್ತೇನೆ. ಆಹ್ವಾನಪತ್ರಿಕೆ ಇನ್ನೂರು ಮನೆಗೆ ಹೋಗಿದೆ. ನನಗೆ ಇನ್ನು ಹಿಂದೆ ಹೋಗಲು ಜಾಗವಿಲ್ಲ ಕೋಕಿಲಾ.

ಅನಂತಮೂರ್ತಿ


ಕೋಟೋ, ಟೋಕಿಯೊ
4 ಆಗಸ್ಟ್ 2025

ದೊಡ್ಡಪ್ಪನಿಗೆ,

ನಿಮ್ಮ ಕಾಗದ ಬಂದ ದಿನದಿಂದ ನಿಧಿ ಬೇಸಿಗೆ ಶಿಬಿರಕ್ಕೆ ಹೋಗುತ್ತಿದ್ದಂತೆ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೂತೆ. ನಾನೂರ ಹನ್ನೆರಡು ಅಳತೆಗಳು. ಕ್ಯಾಲ್ಕ್ಯುಲೇಟರ್ ಮುಟ್ಟಲಿಲ್ಲ. ತಾತ ಕೂಡಿದ ಹಾಗೇ ಕೈಯಲ್ಲಿ ಕೂಡಿದೆ. ಒಂಬತ್ತು ವರ್ಷದ ಮೇಲೆ ನನ್ನ ಓದಿಗೆ ಸಂಬಂಧಪಟ್ಟ ಕೆಲಸ ಕೈಗೆ ಬಂದಿತ್ತು. ಅದರ ಖುಷಿಯೂ ಇತ್ತು, ಸಂಕಟವೂ ಇತ್ತು. ಒಂದು ತಪ್ಪು ಸಿಗಲಪ್ಪಾ ಎಂದು ದೇವರನ್ನು ಬೇಡಿಕೊಂಡು ಲೆಕ್ಕ ಮಾಡಿದ ಎಂಜಿನಿಯರ್ ನಾನೊಬ್ಬಳೇ ಇರಬೇಕು.

ಬ್ಯಾಕ್‌ಸೈಟ್ ಮೊತ್ತ 1874.65 ಅಡಿ. ಫೋರ್‌ಸೈಟ್ ಮೊತ್ತ 1211.30. ವ್ಯತ್ಯಾಸ 663.35.
ಕೊನೆಯ ಎತ್ತರ 763.35. ಮೊದಲ ಎತ್ತರ 100.00. ವ್ಯತ್ಯಾಸ 663.35.

ತಾಳೆಯಾಗುತ್ತದೆ. ಮೂರು ಸಲ ಮಾಡಿದೆ. ಪ್ರತಿ ಪುಟವನ್ನೂ ಬೇರೆ ಬೇರೆಯಾಗಿ ನೋಡಿದೆ. ಇಳಿಜಾರು ಎಲ್ಲೂ ಹದ ತಪ್ಪಿಲ್ಲ, ತಿರುವುಗಳಲ್ಲಿ ನೀರು ಹರಿಯಲು ಬಿಟ್ಟ ಜಾಗವೂ ಸರಿಯಾಗಿದೆ. ಇಷ್ಟು ಚೊಕ್ಕವಾದ ಲೆವೆಲ್ ಬುಕ್ಕನ್ನು ನಾನು ಕಾಲೇಜಿನಲ್ಲೂ ಕಂಡಿರಲಿಲ್ಲ. ಕ್ಷಮಿಸಿ ದೊಡ್ಡಪ್ಪ, ತಪ್ಪೇ ಇಲ್ಲ.

ನಿನ್ನೆ ತ್ಸುಕುಬಾಕ್ಕೆ ಓಡಿದೆ. ಬಾಗಿಲಲ್ಲೇ ನಿಂತು ಮೊರಿವಾಕಿ ಸಾನ್ ಅವರನ್ನು ಕೇಳಿದೆ, 'ನಮ್ಮ ತಾತ ಯಾಕೆ ಈ ಕೆಲಸ ಮಾಡಿಕೊಟ್ಟರು? ಹೊಡೆದರಾ? ಊಟ ಜಾಸ್ತಿ ಕೊಟ್ಟರಾ?' ನನ್ನ ದನಿ ಒರಟಾಗಿತ್ತು. ಅವರು ಒಳಗೆ ಹೋಗಿ ಅವರ ತಂದೆಯ ದಿನಚರಿ ತಂದು ಓದಿ ಹೇಳಿದರು. ಲೆವೆಲ್ ಯಂತ್ರ ಬಲ್ಲವರು ಯಾರಾದರೂ ಇದ್ದೀರಾ ಎಂದು ಕೈದಿಗಳನ್ನು ಮೂರು ದಿನ ಕೇಳಿದರಂತೆ. ಒಬ್ಬರೂ ಮುಂದೆ ಬರಲಿಲ್ಲ. ನಾಲ್ಕನೇ ದಿನ, ದಾರಿಯಿಲ್ಲದ ಕಡಿದಾದ ಬೆಟ್ಟದಲ್ಲಿ ಅಕ್ಕಿ ಹೊತ್ತ ಇಬ್ಬರು ಕೈದಿಗಳು ಜಾರಿ ಕಣಿವೆಗೆ ಬಿದ್ದರು. ಅವತ್ತು ತಾತ ಕೈ ಎತ್ತಿದರು.

ಹೊರುತ್ತಿದ್ದವರು ಕೈದಿಗಳೇ ದೊಡ್ಡಪ್ಪ. ಮುನ್ನೂರು ಜನ, ಎಲ್ಲ ನಮ್ಮವರು. ಹೊರೆಗಲ್ಲು ಹಾಕದೆ ಮುಂದಿನ ಅರ್ಧ ಮೈಲಿ ಅಳೆಯುವುದಿಲ್ಲ ಎಂದು ತಾತ ಹಟ ಹಿಡಿದು ಏಟು ತಿಂದರಂತೆ. ನೀವು ಹುಡುಕಿದ ಆ ಅರ್ಧ ಅಡಿ ತಪ್ಪನ್ನು ಅವರು ಮಾಡಿದ್ದರೆ, ಮೊದಲು ಕಣಿವೆಗೆ ಬೀಳುತ್ತಿದ್ದವರು ಅವರ ಪಕ್ಕದಲ್ಲಿ ಮಲಗುತ್ತಿದ್ದವರು.

ಪುಸ್ತಕದ ಕೊನೆಯ ಪುಟದಲ್ಲಿ ಎರಡು ಸಾಲು ಅಚ್ಚಾಗಿದೆ. 'ಲೆವೆಲ್ ತೆಗೆದವರು' ಎಂಬಲ್ಲಿ ತಾತನ ಸಹಿ ಇದೆ. 'ಪರಿಶೀಲಿಸಿದವರು' ಎಂಬ ಜಾಗ ಖಾಲಿ ಇದೆ.

ಕೋಕಿಲಾ


ಮೈಸೂರು
19 ಆಗಸ್ಟ್ 2025

ಕೋಕಿಲಾ,

ಇವತ್ತು ವಿಷಯವೂ ಇಲ್ಲ, ಉಲ್ಲೇಖವೂ ಇಲ್ಲ.

ನಿನ್ನ ಕಾಗದ ಹದಿನಾಲ್ಕನೇ ತಾರೀಖು ಮಧ್ಯಾಹ್ನ ಬಂತು. ಓದಿದೆ. ಮಾರನೇ ದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅದನ್ನೇ ಜೇಬಿನಲ್ಲಿಟ್ಟುಕೊಂಡು, ಹೋಗಿ ವೇದಿಕೆಯ ಮೇಲೆ ಕೂತೆ. ನಿಲ್ಲಿಸಬೇಡಿ ಎಂದು ನೀನು ಬರೆದಿದ್ದೆ. ನನ್ನಿಂದ ಆಗಲಿಲ್ಲ. ಮಕ್ಕಳು ಬಾವುಟ ಹಿಡಿದು ನಿಂತಿದ್ದರು. ಶಿವಕುಮಾರ ಪರದೆ ಎಳೆದ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾತಾಡಿ ಸಾರ್ ಎಂದು ಮೈಕು ಕೈಗೆ ಕೊಟ್ಟರು. ಆರು ಹಾಳೆಯ ಭಾಷಣ ಬರೆದಿಟ್ಟುಕೊಂಡಿದ್ದೆ. 'ನಮ್ಮಪ್ಪ ಲೆವೆಲ್ ಸರಿಯಾಗಿ ತೆಗೀತಿದ್ರು' ಅಂದೆ, ಅಷ್ಟೇ. ಅದೊಂದೇ ನಿಜ. ಕೂತುಬಿಟ್ಟೆ. ದುಃಖದಲ್ಲಿ ಮಾತು ಬರಲಿಲ್ಲ ಅಂದುಕೊಂಡು ಮತ್ತೂ ಜೋರಾಗಿ ಚಪ್ಪಾಳೆ ತಟ್ಟಿದರು.

ನಿನಗೆ ಒಂದು ಹೇಳಬೇಕು. ನನಗೆ ಗೊತ್ತಿತ್ತು.

ಎಲ್ಲ ಗೊತ್ತಿತ್ತು ಅಂತಲ್ಲ. 1974ರಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ನಾಲೆ ಪಕ್ಕದ ಒಂದು ರಸ್ತೆಗೆ ಲೆವೆಲ್ ತೆಗೆಯಬೇಕಿತ್ತು. ಬಿಸಿಲಿಗೆ ಬೇಸತ್ತು, ತಂಗಿದ್ದ ಕೋಣೆಯಲ್ಲೇ ಕೂತು ಸುಳ್ಳು ಅಂಕಿ ಬರೆದು ತಾಳೆ ಮಾಡಿದೆ. ಅಪ್ಪ ಅದನ್ನು ನೋಡಿದರು. ಒಂದೇ ಪುಟ ನೋಡಿ ಕಪಾಳಕ್ಕೆ ಬಿಟ್ಟರು. 'ಯಾರಿಗೆ ತೆಗೀಬಾರದಿತ್ತೋ ಅವರಿಗೂ ನಾನು ಲೆವೆಲ್ ಸರಿಯಾಗಿ ತೆಗ್ದಿದೀನಿ ಕಣೋ. ನೀನು ನಿನ್ನ ಜನಕ್ಕೇ ಸುಳ್ಳು ಬರೀತೀಯಾ?' ಅಂದರು. ಯಾರಿಗೆ ಅಂತ ನಾನು ಕೇಳಲಿಲ್ಲ. ಅವರು ಹೋದ ಮೇಲೆ ಟ್ರಂಕಿನಲ್ಲಿ ಸರ್ವಿಸ್ ಕಾಗದ ಸಿಕ್ಕಿತು. 1944ರ ಜನವರಿಯಿಂದ ಹದಿನಾರು ತಿಂಗಳು 'ಕಾಣೆಯಾಗಿದ್ದಾರೆ' ಎಂದಿತ್ತು. ಯಾರಿಗೆ ಅನ್ನುವುದು ಆಗ ಅರ್ಥವಾಯಿತು. ಆ ಹದಿನಾರು ತಿಂಗಳಿಗೆ ನನಗೆ ಒಂದು ರಸ್ತೆ ಬೇಕಾಗಿತ್ತು. ಹೋಲ್ಡನ್‌ನದನ್ನು ತೆಗೆದುಕೊಂಡೆ. ಮತ್ತೆ ಸುಳ್ಳು ಲೆವೆಲ್ ಬರೆದೆ ನೋಡು. ಮೂಲ ಪುಸ್ತಕವೇ ಬೇಕು ಎಂದು ನಿನ್ನನ್ನು ಪೀಡಿಸಿದ್ದು ಜಗತ್ತಿಗೆ ತೋರಿಸಲು ಅಲ್ಲ, ಟ್ರಂಕಿಗೆ ಹಾಕಿ ಬೀಗ ಹಾಕಲು.

ನಿನ್ನ ದೊಡ್ಡಮ್ಮನಿಗೆ ಎಲ್ಲ ಹೇಳಿದೆ. 'ಅಷ್ಟೇನಾ? ಮಾವನೋರಿಗೆ ಬರ್ಮಾದಲ್ಲಿ ಇನ್ನೊಂದು ಸಂಸಾರ ಇತ್ತೇನೋ, ಅದಕ್ಕೇ ನೀವು ಆ ಟ್ರಂಕು ಯಾರಿಗೂ ಮುಟ್ಟೋಕೆ ಬಿಡಲ್ಲ ಅಂದ್ಕೊಂಡಿದ್ದೆ' ಅಂದಳು. ನಲವತ್ತು ವರ್ಷ ಅವಳೂ ತನ್ನದೊಂದು ಕತೆ ಕಟ್ಟಿಕೊಂಡು ಸುಮ್ಮನಿದ್ದಳು.

ನಿನ್ನೆ ಕಲ್ಲು ತೆಗೆಸಿ ಎಂದು ಸಂಘಕ್ಕೆ ಅರ್ಜಿ ಕೊಟ್ಟೆ. ಶಿವಕುಮಾರ ಅದನ್ನು ಎರಡು ಸಲ ಓದಿ, 'ಸಾರ್, ಹಾಕ್ಸೋಕೆ ಹನ್ನೊಂದು ವರ್ಷ ಓಡಾಡಿದ್ರಿ. ತೆಗೆಸೋಕೂ ಅಷ್ಟೇ ಆಗತ್ತೆ. ಬಿಟ್ಬಿಡಿ ಸಾರ್, ಯಾರು ಓದ್ತಾರೆ?' ಅಂದ. ನಾನು ಓದುತ್ತೇನೆ. ದಿನಾ ಬೆಳಿಗ್ಗೆ ಹಾಲಿಗೆ ಹೋಗುವಾಗ ಅದರ ಮುಂದೆಯೇ ಹೋಗಬೇಕು. 'ನಿಜವಾದ' ಅನ್ನುವ ಪದ ಬಹಳ ಆಳವಾಗಿ ಕೆತ್ತಿದ್ದಾರೆ. ಪ್ರತಿ ತಿಂಗಳೂ ಒಂದು ಅರ್ಜಿ ಕೊಡುತ್ತೇನೆ. ಅರ್ಜಿ ಬರೆಯುವುದು ನನಗೆ ಗೊತ್ತಿರುವ ಕೆಲಸ. ಹೋಲ್ಡನ್‌ನ ಮೊಮ್ಮಗನಿಗೂ ಬರೆದಿದ್ದೇನೆ, ನಿಮ್ಮ ತಾತನ ರಸ್ತೆ ನಿಮ್ಮ ತಾತನದೇ ಎಂದು.

ಕಾರ್ಡು ಇದರಲ್ಲಿದೆ. 'ಹೆಸರು ಬೇಡ' ಎಂಬುದನ್ನು ಸ್ಕೇಲು ಇಟ್ಟು ಹೊಡೆದುಹಾಕಿದ್ದೇನೆ. ಹೆಸರು ಹಾಕಲಿ, ಊರೂ ಹಾಕಲಿ. ಇಲ್ಲಿ ಯಾರಾದರೂ ಅಂದರೆ ಅನ್ನಲಿ. ಹೊತ್ತವರ ವಿಷಯವನ್ನೂ ಬರೆಯಲು ಹೇಳು. ಆ ಮುನ್ನೂರು ಜನರನ್ನು ಬಿಟ್ಟರೆ ನನ್ನ ಒಪ್ಪಿಗೆ ಇಲ್ಲ. ಮೊರಿವಾಕಿಯವರಿಗೆ ನನ್ನ ನಮಸ್ಕಾರ ತಿಳಿಸು. ಅವರ ಬಗ್ಗೆ ಕಂಟ್ರಾಕ್ಟರನ ಮಾತು ಆಡಿದ್ದೆ, ಅದನ್ನು ಹೇಳಬೇಡ.

ಇನ್ನೊಂದು. ಆ ಖಾಲಿ ಜಾಗ. ಲೆವೆಲ್ ತೆಗೆದವನೇ ಪರಿಶೀಲಿಸುವಂತಿಲ್ಲ, ಅದು ನಿಯಮ. ಪುಸ್ತಕವನ್ನು ತಾಳೆ ನೋಡಿದ ಎಂಜಿನಿಯರ್ ಸಹಿ ಮಾಡಬೇಕು. ನಾನು ಮಾಡುವ ಹಾಗಿಲ್ಲ, ನಾನು ತಪ್ಪು ಸಿಗಲಿ ಎಂದು ಬಯಸಿದವನು. ನೀನೂ ಬಯಸಿದೆ, ಆದರೆ ಸಿಗಲಿಲ್ಲ ಎಂದು ನಿಜ ಬರೆದೆ. ಮೂರು ಸಲ ಲೆಕ್ಕ ಮಾಡಿದ್ದು ನೀನು. ಸಹಿ ನಿನ್ನದು.

ದೊಡ್ಡಪ್ಪ


ಕೋಟೋ, ಟೋಕಿಯೊ
6 ಸೆಪ್ಟೆಂಬರ್ 2025

ವಿಷಯ: ಲೆವೆಲ್ ಬುಕ್ ಪರಿಶೀಲನೆ ಮುಗಿದಿರುವ ಬಗ್ಗೆ.
ಉಲ್ಲೇಖ: ತಮ್ಮ ಕಾಗದ, 19.8.2025.

ದೊಡ್ಡಪ್ಪನಿಗೆ ನಮಸ್ಕಾರಗಳು.

ಇವತ್ತು ಕಾರ್ಡು ಕೊಟ್ಟುಬಂದೆ. ಮೊರಿವಾಕಿ ಸಾನ್ ನಿಮ್ಮ ಸಹಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಮುನ್ನೂರು ಜನರ ಮಾತು ಹೇಳಿದೆ. ತಂದೆಯ ದಿನಚರಿಯಲ್ಲಿ ನಲವತ್ತೊಂದು ಹೆಸರು ಮಾತ್ರ ಇವೆ, ಅವನ್ನೆಲ್ಲ ಹಾಕುತ್ತೇನೆ, ಉಳಿದವರನ್ನು ಹುಡುಕಲು ನೀನು ಸಹಾಯ ಮಾಡು ಅಂದರು. ವಾರಕ್ಕೆ ಎರಡು ದಿನ ಬಾ ಅಂದಿದ್ದಾರೆ. ಇದು ಕೆಲಸವಲ್ಲ, ಆದ್ದರಿಂದ ವೀಸಾದ ಅನುಮತಿ ಬೇಕಿಲ್ಲ.

ಆಮೇಲೆ ಸಹಿಯ ವಿಷಯ ಎತ್ತಿದೆ. ಎಂಬತ್ತು ವರ್ಷದ ಪುಸ್ತಕದಲ್ಲಿ ಪೆನ್ನು ಇಡಬಹುದೇ ಎಂದು ನೇರವಾಗಿ ಕೇಳದೆ, ಖಾಲಿ ಜಾಗವನ್ನು ಬೆರಳಿನಿಂದ ತೋರಿಸಿ, ನಿಮ್ಮ ಮಾತು ಹೇಳಿದೆ. ಅವರು ಮೇಜಿನ ಮೇಲಿದ್ದುದನ್ನೆಲ್ಲ ತೆಗೆದು ಒರೆಸಿ, ಪುಸ್ತಕವನ್ನು ನನ್ನ ಕಡೆ ತಿರುಗಿಸಿಟ್ಟು, ಪೆನ್ಸಿಲ್ ಕೆತ್ತಿ ಕೊಟ್ಟರು. ತಾತ ಬರೆದದ್ದೂ ಪೆನ್ಸಿಲ್ಲಿನಲ್ಲೇ ಎಂದರು.

ನಿಧಿಯನ್ನೂ ಕರೆದುಕೊಂಡು ಹೋಗಿದ್ದೆ. ನನ್ನ ಭುಜಕ್ಕೆ ಒರಗಿ ನಿಂತು, ಏನು ಬರೆದೆ ಎಂದು ಕೇಳಿದಳು. ಓದಿ ಹೇಳಿದೆ. ನಿಮಗೂ ಬರೆಯುತ್ತೇನೆ, ಫೈಲಿಗೆ ಹಾಕಿ.

ಲೆವೆಲ್ ತೆಗೆದವರು: ಅಶ್ವತ್ಥನಾರಾಯಣ, ಮೈಸೂರು. 2.3.1945.
ಪರಿಶೀಲಿಸಿದವರು: ಕೋಕಿಲಾ, ಮೈಸೂರು. 6.9.2025. ತಾಳೆಯಾಗಿದೆ.